ಪಾರಿವಾಳಗಳಿಗೆ ಆಮಂತ್ರಣ

ಬಂದೂಕಿಗೂ ನನಗೂ ಇದ್ದ ಸಂಬಂಧ ದೀಪಾವಳಿಯ ರೀಲು ಪಟಾಕಿಯ ಪಿಸ್ತೂಲಿಗೇ ಮುಗಿದಿತ್ತು. ಅದನ್ನು ಹಾರಿಸುವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಂಥ ನಾನು ಕಳೆದ ಸೆಪ್ಟೆಂಬರಿನ ಒಂದು ಶನಿವಾರ, ಐಸೆಲಿನ್‌ಗೆ ಹೋಗಿ ದೋಸೆ ತಿನ್ನುವುದನ್ನು ಬಿಟ್ಟು, ನ್ಯೂಜೆರ್ಸಿಯ ಹೊಲವೊಂದರಲ್ಲಿ ಪಾರಿವಾಳದ ಶಿಕಾರಿಗೆ ಅಡಗಿ ಕೂತಿದ್ದೆ ಎಂದರೆ ನೀವು ನಂಬಲಾರಿರಿ. ನನ್ನ ಹೆಂಡತಿ ಈಗಲೂ ನಂಬಿಲ್ಲ.

ಇದಕ್ಕೆಲ್ಲ ಕಾರಣ ಮೆಟುಚೆನ್‌ನಲ್ಲಿ ನಮ್ಮ ಪಕ್ಕದ ಬೀದಿಯ ಬಸವರಾಜಣ್ಣ. ಗದಗಿನ ಕಡೆಯವರು, ಕಸುಬು ಇಂಜಿನಿಯರಿಂಗ್, ಮನಸ್ಸು ಒಕ್ಕಲುತನ. ಅವರ ಹೆಂಡತಿ ಶಾಂತಕ್ಕ ಚಳಿಗಾಲದಲ್ಲಿ ದೊಡ್ಡ ಕಾಯಿಲೆಯಿಂದ ಎದ್ದರು. ಎದ್ದರು ಎನ್ನುವುದು ಡಾಕ್ಟರ ಮಾತು. ಊಟ ಸೇರುತ್ತಿರಲಿಲ್ಲ, ದನಿ ಪಿಸುಮಾತಿಗೆ ಇಳಿದಿತ್ತು. ನಾವೆಲ್ಲ ಸರದಿಯ ಮೇಲೆ ಡಬ್ಬಿ ತುಂಬಿ ಕೊಟ್ಟೆವು. ನನ್ನ ಬಿಸಿಬೇಳೆಬಾತನ್ನಂತೂ ನೋಡಿಯೇ ಸುಸ್ತಾದರು. ಒಮ್ಮೆ ಮಾತ್ರ, "ಸೀತನಿ ಇದ್ರ ಒಂದೀಟು ತಿಂತಿದ್ನೇನೋ" ಎಂದರಂತೆ. ಸೀತನಿಯೆಂದರೆ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ ಉದುರಿಸಿದ ಬಿಸಿ ಕಾಳು. ಜೊತೆಗೆ ಬೆಲ್ಲ, ಶೇಂಗಾ ಚಟ್ನಿ. ಓಕ್ ಟ್ರೀ ರಸ್ತೆಯ ಯಾವ ಇಂಡಿಯನ್ ಅಂಗಡಿಯಲ್ಲೂ ಸಿಗುವುದಿಲ್ಲ. ಬಸವರಾಜಣ್ಣ ಜಿಮ್ ಎಂಬ ರೈತನ ಹೊಲದ ಒಂದು ಮೂಲೆ ಹಿಡಿದು ಜೋಳ ಬಿತ್ತಿಯೇ ಬಿಟ್ಟರು.

ಜೋಳ ಆಳೆತ್ತರ ಬೆಳೆದು ತೆನೆಗೆ ಹಾಲು ತುಂಬಿತು. ಸುದ್ದಿ ಪಾರಿವಾಳಗಳಿಗೂ ಮುಟ್ಟಿತು. "ಎಲ್ಲಾ ಖಾಲಿ ಮಾಡ್ತಾವ್ರೀ, ಇನ್ನೊಂದ್ ವೀಕೆಂಡ್ ದಾಟಿದ್ರ ಆಕಿಗೆ ಒಂದ್ ತೆನಿನೂ ಉಳಿಯಂಗಿಲ್ಲ" ಎಂದು ಬಸವರಾಜಣ್ಣ ಕಂಗಾಲಾದರು. ಆಗ ಮುದುಕ ಜಿಮ್ ಬಂದೂಕು ತೆಗೆದ.

ಪಾರಿವಾಳ ಹೊಡೆಯುವುದು ಮುಕ್ಕಾಲು ಪಾಲು ಆತಿಥ್ಯದ ವಿದ್ಯೆ ಎಂದು ನನಗೆ ಗೊತ್ತಾದದ್ದು ಅಂದೇ. ಪ್ಲಾಸ್ಟಿಕ್ ಪಾರಿವಾಳಗಳನ್ನು ಹೊಲದಲ್ಲಿಟ್ಟು, ಇಲ್ಲಿ ಊಟ ಚೆನ್ನಾಗಿದೆ ಬನ್ನಿ ಎಂದು ನಿಜವಾದವನ್ನು ಕರೆಯಬೇಕು. ಎತ್ತರದ ಬೆಳೆಯಲ್ಲಿ ಅವನ್ನು ನೆಲದ ಮೇಲಿಟ್ಟರೆ ಹಾರುವ ಹಕ್ಕಿಗೆ ಕಾಣುವುದಿಲ್ಲ. ಉದ್ದ ಕೋಲಿನ ತುದಿಗೆ ಸಿಕ್ಕಿಸಿ ತೆನೆಗಿಂತ ತುಸು ಮೇಲೆ ನಿಲ್ಲಿಸಬೇಕು. ಮುಖ ಗಾಳಿಗೆ ಎದುರಾಗಿರಬೇಕು. ಒತ್ತೊತ್ತಾಗಿ ಇಡಬಾರದು, ನೆಮ್ಮದಿಯಾಗಿ ಉಣ್ಣುವವರು ಅಗಲವಾಗಿ ಕೂರುತ್ತಾರೆ, ಹೆದರಿದವರು ಗುಂಪುಗೂಡುತ್ತಾರೆ. ಮದುವೆ ಛತ್ರದಲ್ಲಿ ಮೊದಲ ಪಂಕ್ತಿಗೆ ಮನೆಯವರನ್ನೇ ಕೂರಿಸಿ ಉಳಿದವರ ಸಂಕೋಚ ಬಿಡಿಸುವ ನಮಗೆ ಇದೇನೂ ಹೊಸದಲ್ಲ.

ಜೋಳದ ದಂಟು ಸಿಕ್ಕಿಸಿದ ಬಲೆಯ ಹಿಂದೆ ನಾವು ಮೂವರು ಅಡಗಿದೆವು. ಸೀತನಿಯನ್ನು ಬಿಸಿಬಿಸಿ ತಿನ್ನಲೆಂದು ಕರೆತಂದಿದ್ದ ಶಾಂತಕ್ಕನನ್ನು ದೂರದಲ್ಲಿ, ಕಾರಿನ ಪಕ್ಕ, ಮಡಚುವ ಕುರ್ಚಿಯಲ್ಲಿ ಕೂರಿಸಿದ್ದೆವು. ಮೊದಲು ಬಂದ ಎರಡು ಹಕ್ಕಿಗಳನ್ನು ಜಿಮ್ ಹೊಡೆದ. ಸದ್ದಿಗೆ ನಾನು ಕಾಫಿಯನ್ನು ಬಸವರಾಜಣ್ಣನ ಮೇಲೆ ಚೆಲ್ಲಿದೆ. ಆ ಹಕ್ಕಿಗಳನ್ನು ಜಿಮ್ ಅಡುಗೆಗೆ ಒಯ್ಯುತ್ತಾನೆಂದು ಗೊತ್ತಿದ್ದರೂ ಬಿದ್ದ ಕಡೆ ನೋಡುವುದು ನಮ್ಮಿಬ್ಬರಿಂದಲೂ ಆಗಲಿಲ್ಲ. ಬಸವರಾಜಣ್ಣ ಹೆಂಡತಿಯ ಕಡೆಗೊಮ್ಮೆ ತಿರುಗಿ ನೋಡಿ, ಹಲ್ಲು ಕಚ್ಚಿ ಕೂತರು.

ಸ್ವಲ್ಪ ಹೊತ್ತಿಗೆ ದೊಡ್ಡ ಹಿಂಡೇ ಬಂತು. ಕೋಲಿನ ಮೇಲಿನ ನೆಂಟರನ್ನು ಕಂಡು ಇಳಿಯತೊಡಗಿತು. "ವೇಟ್... ವೇಟ್..." ಎಂದು ಜಿಮ್ ಪಿಸುಗುಟ್ಟಿದ. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಆಕಾಶ ಹರಿಯುವಂತೆ ಕೂಗು: "ಹೋ... ಹೋಯ್! ಹೋ...!"

ಶಾಂತಕ್ಕ ಎದ್ದು ನಿಂತು ಡಬ್ಬಿಯ ಮುಚ್ಚಳವನ್ನು ಚಮಚದಿಂದ ಬಡಿಯುತ್ತಿದ್ದರು. ಹುಡುಗಿಯಾಗಿದ್ದಾಗ ಅಪ್ಪನ ಹೊಲದಲ್ಲಿ ಅಟ್ಟ ಏರಿ ಹಕ್ಕಿ ಕಾದವರು. ಜೋಳದ ಮೇಲೆ ಹಕ್ಕಿ ಇಳಿಯುವುದನ್ನು ಕಂಡೂ ಸುಮ್ಮನೆ ಕೂರುವುದುಂಟೆ? ಹಿಂಡು ಒಂದೇ ಏಟಿಗೆ ತಿರುಗಿ ಪೆನ್ಸಿಲ್ವೇನಿಯಾದ ದಾರಿ ಹಿಡಿಯಿತು. ಜಿಮ್ ಬಂದೂಕು ಇಳಿಸಿ, "ವಾಟ್ ವಾಸ್ ದಟ್?" ಎಂದ. ಕರೆದು ಹೊಡೆಯುವುದು ಅವನ ಪದ್ಧತಿ, ಕೂಗಿ ಕಳಿಸುವುದು ನಮ್ಮದು.

ಬಸವರಾಜಣ್ಣ ಹಕ್ಕಿಯನ್ನೂ ನೋಡಲಿಲ್ಲ, ಜಿಮ್‌ನನ್ನೂ ನೋಡಲಿಲ್ಲ. ಚಳಿಗಾಲದಿಂದ ಅವರು ಆ ದನಿ ಕೇಳಿರಲಿಲ್ಲ. ಒದ್ದೆ ಅಂಗಿಯಲ್ಲೇ ಜೋಳ ಸೀಳಿಕೊಂಡು ಓಡಿದರು.

"ಯಾಕ ಹಂಗ ಒದರಿದಿ? ದಣಿವಾತೇನು?"

"ದಣಿವಲ್ರೀ" ಎಂದರು ಶಾಂತಕ್ಕ, ಏದುಸಿರಿನ ನಡುವೆ ನಗುತ್ತ. "ಹಸಿವಾಗೇದ. ಲಗೂನ ಬೆಂಕಿ ಹಚ್ಚರಿ."

ಪಾರಿವಾಳಗಳು ಮತ್ತೆ ಬಂದವು. ಓಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಜಿಮ್ ಕೂಡ ಬಂದೂಕನ್ನು ಪಕ್ಕಕ್ಕಿಟ್ಟು, ನಮ್ಮ ಜೊತೆ ಶಾಂತಕ್ಕ ಸೀತನಿ ತಿನ್ನುವುದನ್ನೇ ನೋಡುತ್ತ ಕೂತಿದ್ದ.