ಕಡಲಿಲ್ಲದ ದೇಶದ ಕೆಲಸ

ಮಸ್ಕತ್ತಿನ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಪಿಎಚ್.ಡಿ. ಮಾಡಿದ್ದು ಕಡಲ ನೀರಿನಿಂದ ಉಪ್ಪು ಬೇರ್ಪಡಿಸುವ ಪೊರೆಗಳ ಮೇಲೆ. ಕಾಲೇಜಿನಲ್ಲಿ ಸಂಶೋಧನೆಗೆ ಜಾಗವೂ ಇರಲಿಲ್ಲ, ಅದು ಯಾರಿಗೂ ಬೇಕಾಗಿಯೂ ಇರಲಿಲ್ಲ. ಹಾಗಾಗಿ ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯವೊಂದು ನನ್ನದೇ ವಿಷಯಕ್ಕೆ ಸಂಶೋಧಕರನ್ನು ಕರೆದಾಗ ಅರ್ಜಿ ಹಾಕಿದೆ.

ಮಸ್ಕತ್ತಿನದೇ ಬಡಾವಣೆ ಅಲ್ ಮವಾಲೇಹ್‌ನ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದವರು ಉಡುಪಿ ಕಡೆಯ ಒಬ್ಬ ಅಕ್ಕ. ಬೌಷರ್‌ನ ಆಫೀಸೊಂದರಲ್ಲಿ ಕೆಲಸ. ಸುದ್ದಿ ಕೇಳಿ ನಕ್ಕುಬಿಟ್ಟರು.

“ಸಮುದ್ರವೇ ಇಲ್ಲದ ಊರಲ್ಲಿ ಉಪ್ಪುನೀರಿನ ಕೆಲಸವಾ? ಎಂತ ಮಾರಾಯ್ತಿ!”

ಸಂದರ್ಶನ ವಿಡಿಯೊದಲ್ಲಿ ನಡೆಯಿತು. ಪ್ರೊಫೆಸರ್ ನರೆಗೂದಲಿನ, ಮೆಲುಮಾತಿನ ಹೆಂಗಸು. ಪೊರೆಗಳು ಯಾಕೆ ಬೇಗ ಕಟ್ಟಿಕೊಳ್ಳುತ್ತವೆ ಎಂದು ಕೇಳಿದಾಗ, ಮಸ್ಕತ್ತಿನ ಕಡಲು ಕೆಲವೊಮ್ಮೆ ಪಾಚಿಯಿಂದ ಹಸಿರಾಗಿ ನಾರುವುದನ್ನು ವಿವರಿಸಿದೆ. ಅವರು ಬರೆದುಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನು ಪರೀಕ್ಷೆಗಲ್ಲದೆ ಬೇರಾವುದಕ್ಕೋ ಬರೆದುಕೊಂಡವರನ್ನು ಕಂಡು ಎಷ್ಟೋ ಕಾಲವಾಗಿತ್ತು.

ಕೆಲಸ ಸಿಕ್ಕಿತು. ಅಕ್ಕ ಹೆಸರುಬೇಳೆ ಪಾಯಸ ಮಾಡಿದರು. ಸ್ವಿಸ್ ಪರ್ಮಿಟ್ ಬರುವುದು ತಡ ಎಂದು ಗೊತ್ತಿತ್ತು. ಆದರೆ ನಮ್ಮ ಕಾಲೇಜಿನಲ್ಲಿ ಬಿಡುವುದಾದರೆ ಬೇಸಿಗೆ ರಜೆಗೆ ಮೊದಲೇ ಹೇಳಬೇಕಿತ್ತು. ಇಲ್ಲದಿದ್ದರೆ ಇನ್ನೊಂದು ವರ್ಷ ಕಟ್ಟಿಬಿದ್ದ ಹಾಗೆ. ರಾಜೀನಾಮೆ ಕೊಟ್ಟೆ.

ರಜೆ ಶುರುವಾದ ಮೇಲೆ ಒಂದು ಮಧ್ಯಾಹ್ನ, ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ, ಪ್ರೊಫೆಸರ್ ತಾವೇ ಕರೆ ಮಾಡಿದರು.

“ಯೋಜನೆಗೆ ಹಣ ಕೊಡಬೇಕಿದ್ದ ಕಂಪನಿ ಹಿಂದೆ ಸರಿದಿದೆ. ಹೊಸಬರನ್ನು ಸೇರಿಸಿಕೊಳ್ಳಲು ಈಗ ಆಗುವುದಿಲ್ಲ. ನೀವು ಇನ್ನೂ ಅಲ್ಲಿಯ ಕೆಲಸ ಬಿಟ್ಟಿಲ್ಲ, ಅಲ್ಲವೇ?”

ಬಿಟ್ಟಿದ್ದೇನೆ ಎಂದೆ.

ಮರುದಿನ ವಿಭಾಗದ ಮುಖ್ಯಸ್ಥರನ್ನು ಕಂಡೆ. ಒಮಾನಿನವರೇ, ಒಳ್ಳೆಯ ಮನುಷ್ಯ. ಮೊದಲು ಖಾವಾ ಕಾಫಿ ಬಗ್ಗಿಸಿ ಖರ್ಜೂರದ ತಟ್ಟೆ ಮುಂದಿಟ್ಟರು.

“ನಿಮ್ಮ ಜಾಗಕ್ಕೆ ಬರುವವರ ವೀಸಾ ಆಗಿದೆ, ಡಾಕ್ಟರ್. ನಿಮ್ಮದು ರದ್ದಾಗಲು ಹೋಗಿದೆ. ಖಲಾಸ್. ನನ್ನ ಕೈಯಲ್ಲಿ ಏನೂ ಇಲ್ಲ.”

ಬಾಯಿಗಿಟ್ಟ ಖರ್ಜೂರವನ್ನು ಕರವಸ್ತ್ರದಲ್ಲಿ ಉಗಿದು ಮಡಚಿಕೊಂಡೆ.

ಅಕ್ಕ ಆಫೀಸಿಗೆ ರಜೆ ಹಾಕಿ ನನ್ನನ್ನು ಬೇರೆ ಕಾಲೇಜುಗಳಿಗೆ ಕರೆದುಕೊಂಡು ಹೋದರು. ದೂರದ ಸೊಹಾರ್‌ವರೆಗೂ ಹೋದೆವು. ಎಲ್ಲ ಕಡೆಯೂ ರಜೆ, ಕಾವಲುಗಾರರಷ್ಟೇ ಸಿಕ್ಕರು. ವಾಪಸು ಬರುವಾಗ ಕಾರಿನಲ್ಲಿ ಅಕ್ಕ ಸಿಡುಕಿದರು.

“ಅತ್ತುಬಿಡು ಒಮ್ಮೆ. ಹೀಗೆ ಸುಮ್ಮನೆ ಕೂತ್ರೆ ನನಗೆ ಹೆದರಿಕೆ ಆಗ್ತದೆ.”

ಅಳು ಬರಲಿಲ್ಲ. ರಸ್ತೆಯ ಪಕ್ಕ ಬೋಳು ಬೆಟ್ಟಗಳು ಬಿಸಿಲಲ್ಲಿ ನಡುಗುತ್ತಿದ್ದವು.

ಹೊರಡುವ ಮೊದಲು ಪ್ರಯೋಗಾಲಯದ ಬೀಗದ ಕೈ ಕೊಡಲು ಹೋದಾಗ ನನ್ನ ಜಾಗಕ್ಕೆ ಬಂದಾಕೆ ಅಲ್ಲೇ ಇದ್ದಳು. ಹೊಸ ಬಿಳಿ ಕೋಟು, ಮುಖದ ತುಂಬ ಹುರುಪು.

“ಇಲ್ಲಿ ರಿಸರ್ಚ್ ಮಾಡಲು ಅವಕಾಶ ಇದೆಯೇ, ಮೇಡಂ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಕೇಳಿ ನೋಡಿ,” ಎಂದೆ.

ಈಗ ಮಂಗಳೂರಿನಲ್ಲಿ ನೀಟ್ ಕೋಚಿಂಗ್ ಕೊಡುತ್ತೇನೆ. ಊರಿಗೆ ಬಂದ ಮರುವರ್ಷ ಅದೇ ಪ್ರೊಫೆಸರ್ ಮತ್ತೆ ಬರೆದರು: ಬೇರೆ ಯೋಜನೆ ಬಂದಿದೆ, ಅರ್ಜಿ ಹಾಕಿ ಎಂದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಉತ್ತರ ಬರೆಯಲು ಕೂತೆ. ಕ್ಷೇಮಸಮಾಚಾರ ವಿಚಾರಿಸಿದೆ, ಧನ್ಯವಾದ ಹೇಳಿದೆ. ಅರ್ಜಿ ಮಾತ್ರ ಹಾಕಲಾಗಲಿಲ್ಲ.