ನೌಪಾಡಾದ ಪಬ್ಬಿನ ಹನ್ನೊಂದು ಮೆಟ್ಟಿಲು

2014ರಲ್ಲಿ ನಾನು ಯಾರ ನೌಕರಿಯಲ್ಲೂ ಇರಲಿಲ್ಲ. ಮುಂಬೈ ಬಳಿಯ ಡೊಂಬಿವಲಿಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಇಪ್ಪತ್ಮೂರು ವರ್ಷ ಸೇಫ್ಟಿ ಆಫೀಸರ್ ಆಗಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಕಲ್ಯಾಣದಿಂದ ಕಳಂಬೋಲಿಯವರೆಗೆ ಕರೆದವರ ಗೋದಾಮು, ಬಾಯ್ಲರು, ಟ್ಯಾಂಕುಗಳನ್ನು ನೋಡಿ ವರದಿ ಬರೆದುಕೊಡುತ್ತಿದ್ದೆ. ಮೈಸೂರಿನ ಮಡಿವಂತರ ಮನೆಯಲ್ಲಿ ಬೆಳೆದವಳು ನಾನು. ಬಿಯರಿನ ವಾಸನೆ ಬಂದರೆ ಸೀರೆ ಸೆರಗು ಮೂಗಿಗೆ ಹೋಗುತ್ತಿತ್ತು. ಅಂಥವಳನ್ನು ಒಂದು ವಿಮಾ ಕಂಪನಿ ಠಾಣೆಯ ನೌಪಾಡಾದಲ್ಲಿದ್ದ ಪಬ್ಬಿಗೆ ಕಳಿಸಿತು. ನನ್ನ ಯಜಮಾನರು ಆ ದಿನವಿಡೀ ನಕ್ಕರು.

ಪಬ್ಬಿನ ಮಾಲೀಕರು ಕುಂದಾಪುರ ಕಡೆಯ ಜಯರಾಮಣ್ಣ. ಅವರ ತಂದೆಯ ಕಾಲದಲ್ಲಿ ಅದು ಊಟವೂ ಸಿಗುವ ಸಾಧಾರಣ ಬಾರು, ಅಲ್ಲಿನ ಮಾತಿನಲ್ಲಿ ಪರ್ಮಿಟ್ ರೂಮ್. ಇವರು ಇಂಗ್ಲೆಂಡ್ ನೋಡಿ ಬಂದು, ಅಲ್ಲಿನ ಹಳೆಯ ಊರುಗಳಲ್ಲಿರುವಂಥ ಪಬ್ಬು ಕಟ್ಟಿಸಿದ್ದರು. ತೇಗದ ಕೌಂಟರು, ಹಿಡಿ ಎಳೆದು ಗ್ಲಾಸು ತುಂಬಿಸುವ ಕೈಪಂಪು. ಸಂಗೀತವಿಲ್ಲ, ಟಿವಿಯಿಲ್ಲ. ಅಲ್ಲಿ ಸಿಗುತ್ತಿದ್ದುದು ರಿಯಲ್ ಏಲ್ ಎಂಬ ಬಿಯರ್. ಅದಕ್ಕಾಗಿಯೇ ಜನ ಎರಡೆರಡು ಲೋಕಲ್ ರೈಲು ಬದಲಿಸಿ ಬರುತ್ತಿದ್ದರು.

ಈ ರಿಯಲ್ ಏಲ್ ಎಂದರೇನು ಎಂಬುದನ್ನು ಹೇಳದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಸಾಮಾನ್ಯ ಬಿಯರಿಗೆ ಸಿಲಿಂಡರಿನಿಂದ ಗ್ಯಾಸ್ ತುಂಬುತ್ತಾರೆ. ಇದಕ್ಕೆ ತುಂಬುವುದಿಲ್ಲ. ಇದರಲ್ಲಿ ಯೀಸ್ಟ್ ಇನ್ನೂ ಜೀವಂತವಾಗಿದ್ದು, ಪೀಪಾಯಿಯೊಳಗೇ ಹುದುಗುತ್ತ ತನ್ನ ಗ್ಯಾಸನ್ನು ತಾನೇ ಮಾಡಿಕೊಳ್ಳುತ್ತದೆ. ನಮ್ಮ ಇಡ್ಲಿ ಹಿಟ್ಟು ರಾತ್ರಿ ಉಬ್ಬಿ ಪಾತ್ರೆ ದಾಟುವುದಿಲ್ಲವೇ, ಹಾಗೆ. ಆ ಗ್ಯಾಸು ಕಾರ್ಬನ್ ಡೈ ಆಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ನೆಲಮಾಳಿಗೆಯಲ್ಲಿ ತಳದಿಂದ ಮೇಲಕ್ಕೆ ತುಂಬಿಕೊಳ್ಳುತ್ತ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ ಅರ್ಧ ದಾಟಿದರೆ ದಿನವಿಡೀ ಕೆಲಸ ಮಾಡಬಾರದು. ನಾಲ್ಕು ದಾಟಿದರೆ ಅಲ್ಲಿ ನಿಲ್ಲಲೇಬಾರದು. ಹತ್ತರ ಹತ್ತಿರ ಬಂದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ಪ್ರಜ್ಞೆ ತಪ್ಪಿ ಬೀಳುತ್ತಾನೆ.

ಪಬ್ಬಿನ ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು. ಕೆಳಗೆ ಹುದುಗಿಸುವ ಟ್ಯಾಂಕುಗಳು, ಪೀಪಾಯಿಗಳು. ನೆಲಮಟ್ಟದ ಗಾಳಿಯನ್ನು ಹೊರಗೆಳೆಯಲು ಒಂದು ಫ್ಯಾನು. ಅದರ ಕೊಳವೆಯ ಬಾಯಿ ಹಿಂದಿನ ಗಲ್ಲಿಯಲ್ಲಿ, ಪೀಪಾಯಿ ಇಳಿಸುವ ಹಲಗೆ ಬಾಗಿಲೂ ಅಲ್ಲೇ. ಅದೆಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ವಾಸುದೇವ. ಜಯರಾಮಣ್ಣನವರ ತಂದೆಯ ಕಾಲದಿಂದ ಇದ್ದ, ತುಳು ಮನೆಮಾತಿನ ಮನುಷ್ಯ. ಅಡುಗೆಮನೆಯ ಯಜಮಾನಿಕೆ ಅವನ ತಮ್ಮ ಶೇಖರನದು. ಮಾರ್ಚ್ ತಿಂಗಳ ಮೊದಲ ಭೇಟಿಯಲ್ಲಿ ಎಲ್ಲ ಸರಿಯಿತ್ತು. "ಈ ಫ್ಯಾನು ಹಗಲೂ ರಾತ್ರಿ ಓಡುತ್ತಿರಬೇಕು, ಆರಿಸಬಾರದು" ಎಂದೆ.

"ಯಾಕೆ ಮೇಡಮ್? ಸುಮ್ಮನೆ ಕರೆಂಟು ಹೋಗ್ತದಲ್ಲ" ಎಂದು ವಾಸುದೇವ ಕೇಳಿದ.

"ರಿಪೋರ್ಟಿನಲ್ಲಿ ಬರೆದಿರ್ತೀನಿ, ಓದ್ಕೊಳ್ಳಿ" ಎಂದು ಹೇಳಿ, ಲೋಕಲ್ ತಪ್ಪಿಹೋದೀತೆಂದು ಓಡಿದೆ. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ವಾಸುದೇವನಿಗೆ ಬರುತ್ತಿದ್ದುದು ಕನ್ನಡ ಮತ್ತು ಮರಾಠಿ ಅಕ್ಷರ. ಅದು ನನಗೆ ಗೊತ್ತಿತ್ತು.

ಎರಡನೆಯ ಭೇಟಿ ಮೇ ತಿಂಗಳಲ್ಲಿ, ಬೆಳಗಿನ ಹನ್ನೊಂದರ ಸುಮಾರಿಗೆ. ಪಬ್ಬಿನ್ನೂ ತೆರೆದಿರಲಿಲ್ಲ. ಜಯರಾಮಣ್ಣ ಕೌಂಟರಿನಲ್ಲಿ ಚಹಾ ಕುಡಿಯುತ್ತಿದ್ದರು. ವಾರಾಂತ್ಯದ ಗಿರಾಕಿಗಳಿಗಾಗಿ ಎಲ್ಲ ಟ್ಯಾಂಕುಗಳಲ್ಲೂ ಒಟ್ಟಿಗೆ ಹುದುಗು ಹಾಕಿದ್ದಾರೆಂದು ಖುಷಿಯಿಂದ ಹೇಳಿದರು. ವಾಸುದೇವ ಎಲ್ಲಿ ಎಂದು ಕೇಳಿದೆ. ಈಗಷ್ಟೇ ಕೆಳಗೆ ಹೋದನೆಂದರು. ನಾನು ಮೆಟ್ಟಿಲ ಬಾಗಿಲು ತೆರೆದೆ. ಫ್ಯಾನಿನ ಸದ್ದು ಇರಲಿಲ್ಲ.

ಚೀಲದಿಂದ ಗ್ಯಾಸ್ ಮೀಟರ್ ತೆಗೆದು ಎರಡನೆಯ ಮೆಟ್ಟಿಲಿಗೆ ಇಳಿದೆ. ಶೇಕಡಾ ಒಂದು. ನಾಲ್ಕನೆಯದರಲ್ಲಿ ಎರಡೂವರೆ ದಾಟಿತು, ಮೀಟರು ಕೂಗತೊಡಗಿತು. ಟಾರ್ಚು ಕೆಳಗೆ ಹಿಡಿದೆ. ಒಂಬತ್ತನೆಯ ಮೆಟ್ಟಿಲ ಮೇಲೆ ವಾಸುದೇವ ಬೋರಲು ಬಿದ್ದಿದ್ದ. ಮೇಲೆ ಬರಲು ಹೊರಟವನಂತೆ ಒಂದು ಕೈ ಮುಂದೆ ಚಾಚಿತ್ತು. ಬೆನ್ನು ಏಳುತ್ತಿತ್ತು, ಇಳಿಯುತ್ತಿತ್ತು. ಉಸಿರಿದೆ.

ನಾನು ಮೇಲೆ ಹತ್ತಿ ಬಂದು ಕೂಗಿದ್ದು ಕೇಳಿ ಶೇಖರ ಅಡುಗೆಮನೆಯಿಂದ ಓಡಿ ಬಂದ. ಅಣ್ಣನನ್ನು ನೋಡಿದ್ದೇ ನನ್ನನ್ನು ತಳ್ಳಿಕೊಂಡು ಇಳಿಯಲು ಹೋದ. ನಾನು ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ಅಡ್ಡ ನಿಂತೆ.

"ಬಿಡಿ ಮೇಡಮ್! ನನ್ನ ಅಣ್ಣ ಅದು!"

"ಇಳಿದರೆ ನೀನೂ ಅವನ ಪಕ್ಕದಲ್ಲೇ ಬೀಳ್ತೀಯ. ಆಮೇಲೆ ಇಬ್ಬರನ್ನ ಯಾರು ಎತ್ತೋದು?"

"ಎಂತ ಹೆಂಗಸು ಮಾರಾಯ್ರೆ ನೀವು! ಮನುಷ್ಯ ಸಾಯ್ತಿದ್ದಾನೆ, ನೀವು ಮಿಶಿನ್ ನೋಡ್ತೀರಲ್ಲ!"

ಕಾರ್ಖಾನೆಯಲ್ಲಿ ಇದೇ ಪಾಠವನ್ನು ನೂರಾರು ಜನರಿಗೆ ಹೇಳಿಕೊಟ್ಟಿದ್ದೆ. ಮುಚ್ಚಿದ ಜಾಗದಲ್ಲಿ ಗ್ಯಾಸಿಗೆ ಮೊದಲು ಬಿದ್ದವನ ಹಿಂದೆ ಎತ್ತಲು ಹೋದವರೂ ಬೀಳುತ್ತಾರೆ. ಬೋರ್ಡಿನ ಮೇಲೆ ಬರೆಯುವಾಗ ಅದು ಬಹಳ ಸುಲಭ. ಈಗ ಶೇಖರನ ಮೊಣಕೈ ನನ್ನ ಪಕ್ಕೆಗೆ ಒತ್ತುತ್ತಿತ್ತು. ನನ್ನ ತೀರ್ಮಾನ ತಪ್ಪಾಗಿದ್ದರೆ? ನಾಲ್ಕು ಹೆಜ್ಜೆ ಓಡಿ ಎಳೆದು ತರಬಹುದಾದ ಮನುಷ್ಯನನ್ನು ನಿಂತು ನೋಡುತ್ತಲೇ ಸಾಯಲು ಬಿಟ್ಟವಳಾಗುತ್ತೇನೆ. ಜೀವನದಲ್ಲಿ ಅಷ್ಟು ಹೆದರಿದ್ದು ಇನ್ನೊಮ್ಮೆ ಇಲ್ಲ.

"ಫ್ಯಾನ್ ಆರಿಸಿದ್ದು ಯಾರು?" ಎಂದು ಕಿರುಚಿದೆ.

ಶೇಖರನ ಕೈ ಸಡಿಲವಾಯಿತು. "ನಿನ್ನೆ ಬೆಳಿಗ್ಗೆ ಅಣ್ಣ ಆರಿಸಿದ್ದು. ಹೊಸ ಹುದುಗು ಹಾಕಿದ ದಿನ ದೇವರ ಫೋಟೋದ ಎದುರು ಒಂದು ಹಗಲು ಒಂದು ರಾತ್ರಿ ದೀಪ ಉರೀಬೇಕು. ಗಾಳಿಗೆ ಆರಿಹೋಗ್ತಿತ್ತು. ಗಲ್ಲಿ ಕಡೆಯಿಂದಲೂ ಗಾಳಿ ನುಗ್ಗಬಾರದು ಅಂತ ಪೈಪಿಗೆ ಗೋಣಿ ತುರುಕಿದ್ದು ನಾನೇ, ಮೇಡಮ್."

ಅಷ್ಟರಲ್ಲಿ ಜಯರಾಮಣ್ಣನೂ ಬಾಗಿಲಿಗೆ ಬಂದಿದ್ದರು. ಅವರ ತಂದೆ ಹೋಟೆಲಿಟ್ಟ ದಿನದಿಂದ ನಡೆದು ಬಂದ ಪದ್ಧತಿ ಅದು, ಹೊಸ ಒಲೆ ಹೂಡಿದರೆ ಅದರ ಬಳಿ ದೀಪ. ವಾಸುದೇವ ಅದನ್ನು ಭಕ್ತಿಯಿಂದ ನೆಲಮಾಳಿಗೆಗೂ ತಂದಿದ್ದ. ದೀಪ ಆರಿದ್ದು ಮೇಲಿನಿಂದಲೇ ಕಂಡು, ಅಪಶಕುನ ಎಂಬ ಹೆದರಿಕೆಗೆ, ಕಾರಣ ಯಾರಿಗೂ ಹೇಳದೆ ಮತ್ತೆ ಹಚ್ಚಲು ಇಳಿದಿದ್ದ.

"ಶೇಖರ, ಗಲ್ಲಿಗೆ ಓಡು. ಗೋಣಿ ಕಿತ್ತು ಹಾಕು. ಪೀಪಾಯಿ ಇಳಿಸೋ ಹಲಗೆ ಬಾಗಿಲು ಪೂರ್ತಿ ತೆಗಿ. ಒಳಗೆ ಕಾಲಿಡಬೇಡ" ಎಂದೆ. ಮಾಡಲು ಒಂದು ಕೆಲಸ ಸಿಕ್ಕಿದ್ದೇ ಓಡಿದ. ಮೇಲಿದ್ದ ಸ್ವಿಚ್ಚು ಒತ್ತಿದೆ, ಫ್ಯಾನು ತಿರುಗಿತು. ಜಯರಾಮಣ್ಣ ಅಗ್ನಿಶಾಮಕ ದಳಕ್ಕೆ ಫೋನು ಮಾಡಿದರು. ಉಸಿರಾಟದ ಸಿಲಿಂಡರ್ ತರಬೇಕೆಂದು ಎರಡೆರಡು ಸಲ ಹೇಳಿಸಿದೆ.

ಮೀಟರನ್ನು ದಾರಕ್ಕೆ ಕಟ್ಟಿ ಕೆಳಗಿಳಿಸಿದೆ. ಏಳನೆಯ ಮೆಟ್ಟಿಲ ಹತ್ತಿರ ಎಂಟು. ಒಂದು ನಿಮಿಷ ಬಿಟ್ಟು ಏಳು. ಆಮೇಲೆ ಆರು. ಟಾರ್ಚಿನ ಬೆಳಕಿನಲ್ಲಿ ಬೆನ್ನು ಏಳುವುದು ನಿಧಾನವಾಗುತ್ತಿತ್ತು. ಒಂದು ಸಲ ಎದ್ದ ಮೇಲೆ ಇನ್ನೊಂದು ಸಲ ಏಳುವವರೆಗೆ ನಾನೂ ಉಸಿರು ಹಿಡಿದಿರುತ್ತಿದ್ದೆ. ಗಲ್ಲಿಯಿಂದ ವಾಪಸು ಬಂದ ಶೇಖರ ನನ್ನ ಹಿಂದೆ ನಿಂತು ಅಣ್ಣನ ಹೆಸರು ಹಿಡಿದು ತುಳುವಿನಲ್ಲಿ ಕರೆಯುತ್ತಲೇ ಇದ್ದ.

ಅಗ್ನಿಶಾಮಕ ದಳ ನೌಪಾಡಾದ ಟ್ರಾಫಿಕ್ ದಾಟಿ ಬರುವವರೆಗೆ ಆ ಉಸಿರು ಉಳಿಯುತ್ತದೆ ಎಂಬ ನಂಬಿಕೆ ನನಗೆ ಹೋಯಿತು. ಶಟರ್ ಎಳೆಯುವ ಉದ್ದದ ಕಬ್ಬಿಣದ ಕೊಕ್ಕೆ ಬಾಗಿಲ ಮೂಲೆಯಲ್ಲಿತ್ತು. ಅದರ ಹಿಡಿಗೆ ಪೀಪಾಯಿ ಇಳಿಸುವ ಹಗ್ಗ ಬಿಗಿದೆ. ಇನ್ನೊಂದು ಹಗ್ಗ ನನ್ನ ಸೊಂಟಕ್ಕೆ ಕಟ್ಟಿ ಜಯರಾಮಣ್ಣನವರ ಕೈಗೆ ಕೊಟ್ಟೆ.

"ನಾನು ಹೋಗ್ತೇನೆ" ಎಂದ ಶೇಖರ.

"ನೀನು ಕೊಕ್ಕೆಯ ಹಗ್ಗ ಎಳೆಯಬೇಕು. ನಾನು ಬಿದ್ದರೆ ಇವರು ನನ್ನನ್ನ ಎಳೆದುಕೊಳ್ಳಲಿ. ನೀನು ಮಾತ್ರ ಇಳೀಬೇಡ."

ಐದನೆಯ ಮೆಟ್ಟಿಲಲ್ಲಿ ಮೀಟರು ಎರಡು ತೋರಿಸುತ್ತಿತ್ತು. ಅಲ್ಲಿಗೆ ನಿಂತೆ. ತಲೆ ಭಾರವಾಗತೊಡಗಿತು, ಉಸಿರು ಓಡತೊಡಗಿತು. ಅದು ಗ್ಯಾಸಿಗೋ ಹೆದರಿಕೆಗೋ ತಿಳಿಯಲಿಲ್ಲ. ಕೊಕ್ಕೆ ಎರಡು ಸಲ ಅಂಗಿಗೆ ಸಿಕ್ಕಿತು, ಬಟ್ಟೆ ಹರಿಯಿತು. ಮೂರನೆಯ ಸಲ ಸೊಂಟದ ಬೆಲ್ಟಿಗೆ ಬಿತ್ತು. "ಎಳಿ!" ಎಂದೆ. ವಾಸುದೇವನ ಮುಖ, ಎದೆ, ಮೊಣಕಾಲು ಒಂದೊಂದು ಮೆಟ್ಟಿಲಿಗೂ ಉಜ್ಜುತ್ತ ಮೇಲೆ ಬಂದವು. ಬಾಗಿಲಾಚೆ ಎಳೆದು ಮಗ್ಗುಲಾಗಿ ಮಲಗಿಸಿದೆವು. ಅಗ್ನಿಶಾಮಕ ದಳದವರು ಬಂದು ಆಮ್ಲಜನಕ ಕೊಡುವಾಗ ಅವನು ಕೆಮ್ಮಿದ. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ವಾಂತಿ ಮಾಡಿದೆ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ವಾಸುದೇವನ ಗಲ್ಲ ಜಜ್ಜಿಹೋಗಿತ್ತು, ಮೂಗಿಗೆ ಪಟ್ಟಿ. ಎರಡು ಹಲ್ಲು ಮೆಟ್ಟಿಲಿಗೇ ಹೋಗಿದ್ದವು.

"ಮೇಡಮ್, ಫ್ಯಾನು ಯಾಕೆ ಅಂತ ಆವತ್ತೇ ಕೇಳಿದ್ದೆನಲ್ಲ. ನೀವು ಹೇಳಿದ್ದರೆ ದೀಪವನ್ನು ಮೇಲೆ ಇಡ್ತಿದ್ದೆ. ದೇವರಿಗೆ ಮೇಲಾದರೆ ಎಂತ, ಕೆಳಗಾದರೆ ಎಂತ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ತಡೆದುಕೊಳ್ಳಲಾಗಲಿಲ್ಲ, ಅಲ್ಲೇ ಅತ್ತುಬಿಟ್ಟೆ.

ಇಪ್ಪತ್ಮೂರು ವರ್ಷದ ನೌಕರಿ ಕಲಿಸದ್ದನ್ನು ಆ ಮಂಚದ ಪಕ್ಕದಲ್ಲಿ ಕಲಿತೆ. ಮಾಡಬೇಡಿ ಎಂದಷ್ಟೇ ಹೇಳಿದರೆ ಅದು ನನ್ನ ಮಾತಾಗಿ ಉಳಿಯುತ್ತದೆ. ಯಾಕೆ ಎಂದು ತಿಳಿಸಿದರೆ ಮಾತ್ರ ಕೆಲಸ ಮಾಡುವವನ ಮಾತಾಗುತ್ತದೆ. ಅಲ್ಲಿಂದೀಚೆಗೆ, ಕೇಳಿದವನ ಭಾಷೆಯಲ್ಲಿ ಉತ್ತರ ಹೇಳದೆ ಯಾವ ವರದಿಗೂ ಸಹಿ ಹಾಕಿಲ್ಲ. ಅದರಿಂದ ಎಷ್ಟೋ ಲೋಕಲ್ ತಪ್ಪಿಸಿಕೊಂಡಿದ್ದೇನೆ.

ಶೇಖರ ಮಾತ್ರ ನನ್ನನ್ನು ಕ್ಷಮಿಸಲಿಲ್ಲ. ಅಣ್ಣ ಬಿದ್ದಿರುವಾಗ ತಮ್ಮನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದವಳು ಎಂದು ಅವನಿಗೆ ಇಂದಿಗೂ ಸಿಟ್ಟು. ಡೊಂಬಿವಲಿ ಸ್ಟೇಷನ್ನಿನಲ್ಲಿ ಎದುರು ಸಿಕ್ಕರೆ ಮುಖ ತಿರುಗಿಸಿಕೊಂಡು, ಮಗಳ ಕೈಹಿಡಿದು ಬಿರಬಿರನೆ ಸೇತುವೆಯ ಮೆಟ್ಟಿಲು ಹತ್ತಿ ಹೋಗುತ್ತಾನೆ. ಅವನು ಹತ್ತಿ ಮುಗಿಸುವವರೆಗೂ ನಾನು ನಿಂತು ನೋಡುತ್ತೇನೆ.