ಮಾಸುಂಬಿಯ ನಲವತ್ತಮೂರು ಗಂಟು

ಅಜೀಮ್ ಮಾಸ್ತರನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಉಮ್ರಾ ಯಾತ್ರೆಗೆಂದು ಮಕ್ಕಾಕ್ಕೆ ಹೊರಟವರನ್ನೆಲ್ಲ ಸಿಂಧನೂರಿನ ಒಂದು ಶಾದಿಮಹಲಿನಲ್ಲಿ ಕೂಡಿಸಿ ಅಲ್ಲಿನ ರೀತಿ ರಿವಾಜು ಹೇಳಿಕೊಟ್ಟವನು ಅವನು. ಇಹ್ರಾಮಿಗೆ, ಅಂದರೆ ಯಾತ್ರೆಯ ವ್ರತಕ್ಕೆ, ಇಳಿದ ಮೇಲೆ ಗಂಡಸರ ಮೈಮೇಲೆ ಎರಡು ಬಿಳಿ ಬಟ್ಟೆ ಮಾತ್ರ ಇರಬೇಕು, ಅತ್ತರು ಹಚ್ಚಬಾರದು, ಬೈಯಬಾರದು, ಜಗಳ ಆಡಬಾರದು ಎಂದ. ಹೊಲಿಗೆ ನಡೆಯುವುದಿಲ್ಲ, ಗಂಟು ನಡೆಯುವುದಿಲ್ಲ ಎಂದೂ ಹೇಳಿದ. ಆ ಗಂಟಿನ ಮಾತು ಯಾರಿಗೆ ಎಂದು ಇನ್ನೊಮ್ಮೆ ಬಿಡಿಸಿ ಹೇಳಿದ್ದರೆ ಅವನದೇನು ಹೋಗುತ್ತಿತ್ತು?

ನಾನು ದಾದೇಸಾಬ. ಮಸ್ಕಿಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತೇನೆ. ಶಾಲೆ ಕಂಡದ್ದು ನಾಲ್ಕನೇ ತರಗತಿಯವರೆಗೆ. ನನಗೆ ಆರು ವರ್ಷವಿದ್ದಾಗ ಅಮ್ಮ ಹೋದಳು. ಆಮೇಲೆ ನನ್ನನ್ನು ಸಾಕಿದವಳು ಅಕ್ಕ ಮಾಸುಂಬಿ. ನಾವು ಪಿಂಜಾರರು, ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟಿದ್ದರು. ಗಂಡ ಎರಡನೇ ನಿಕಾ ಮಾಡಿಕೊಂಡ ಮರುದಿನವೇ ಅವಳು ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಏರಿಸಿಕೊಂಡು ಬಸ್ಸು ಹತ್ತಿ ಮಸ್ಕಿಗೆ ಬಂದುಬಿಟ್ಟಳು. ಕಂಡಕ್ಟರ್ ಬಿಲ್ಲಿಗೂ ಅರ್ಧ ಟಿಕೆಟ್ ಕೇಳಿದನಂತೆ. ಗಂಡನಿಗಿಂತ ಇದೇ ಹೆಚ್ಚು ದುಡಿದಿದೆ, ಪೂರಾ ಟಿಕೆಟ್ಟೇ ಕೊಡು ಎಂದಳಂತೆ ಇವಳು.

ಊರೆಲ್ಲ ಫೋಮಿನ ಗಾದಿ ಬಂದ ಮೇಲೂ ಅಕ್ಕನ ಕೈಗೆ ಕೆಲಸ ತಪ್ಪಲಿಲ್ಲ. ಹಟ್ಟಿಯ ಚಿನ್ನದ ಗಣಿಯವರ ಕ್ವಾರ್ಟರ್ಸು ಅವಳ ಖಾಯಂ ಗಿರಾಕಿ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರಿಗೆ ಫೋಮು ಬೆನ್ನು ಸುಡುತ್ತದೆ, ಹತ್ತಿಯೇ ಬೇಕು. ಅಕ್ಕನಿಗೆ ಅಕ್ಷರ ಬಾರದು. ಹೇಳಿದ ಕೆಲಸವನ್ನು ಗಾದಿ ಹೊಲಿಯುವ ದಾರದಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಾಳೆ. ಒಂಟಿ ಗಂಟೆಂದರೆ ಹೊಸ ಗಾದಿ. ಜೋಡಿ ಗಂಟೆಂದರೆ ಹಳೆಯದನ್ನು ಬಿಚ್ಚಿ ಹಿಂಜಿ ಹೊಲಿಯುವುದು. ಎಲ್ಲವೂ ಜಾರುಗಂಟು. ಗಾದಿ ಮನೆ ಮುಟ್ಟಿದ ಮೇಲೆ ತುದಿ ಹಿಡಿದು ಎಳೆದರಾಯಿತು, ಬಿಚ್ಚಿಕೊಳ್ಳುತ್ತದೆ. ನಲವತ್ತು ವರ್ಷದಲ್ಲಿ ಒಬ್ಬರ ಗಾದಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ.

ಉಮ್ರಾಕ್ಕೆ ಹೊರಡುವ ಮುನ್ನ ಗೊತ್ತಿದ್ದವರ ಮನೆಗೆಲ್ಲ ಹೋಗಿ, ಆಡಿದ್ದು ಅಂದದ್ದು ಮಾಫ್ ಮಾಡಿರಿ ಎಂದು ಕೇಳಿಬರುವುದು ನಮ್ಮಲ್ಲಿ ಪದ್ಧತಿ. ಅಕ್ಕ ಮಂಡಿನೋವು ಇಟ್ಟುಕೊಂಡೇ ಹಟ್ಟಿ, ಲಿಂಗಸುಗೂರು, ಸಂತೆಕಲ್ಲೂರು ತಿರುಗಿದಳು. ಮಾಫಿ ಕೊಟ್ಟವರೆಲ್ಲ, ಅಲ್ಲಿ ನಮ್ಮದೂ ಒಂದು ಮಾತು ಹೇಳವ್ವ ಎಂದು ಒಂದೊಂದು ಬೇಡಿಕೆ ಒಪ್ಪಿಸಿದರು. ಹಿಂದೂ ಮುಸ್ಲಿಂ ಅನ್ನದೆ ಎಲ್ಲರ ಬೇಡಿಕೆಯೂ ದಾರಕ್ಕೆ ಬಂತು. ಇದ್ದವರಿಗಾಗಿ ಕೇಳಿದ್ದು ಒಂಟಿ ಗಂಟು, ತೀರಿಕೊಂಡವರಿಗಾಗಿ ಕೇಳಿದ್ದು ಜೋಡಿ. ಒಟ್ಟು ನಲವತ್ತಮೂರು ಆದವು. ಅದನ್ನು ಎಡಗೈಗೆ ಸುತ್ತಿಕೊಂಡಳು.

ನಾನು ಹೊರಟದ್ದು ಅವಳ ಜೊತೆಗೆಂದು. ಅಷ್ಟು ಜನರಿರುವಾಗ ಇವನೇ ಯಾಕೆ ಎಂದು ಯಾರೋ ಕೇಳಿದ್ದಕ್ಕೆ ಅಕ್ಕ, "ಇವನ ಬಾಯಿ ಒಂದಿನಾರ ಮುಚ್ಚಿದ್ದು ನೋಡಿ ಸಾಯಬೇಕಂತ ಮಾಡೀನಿ" ಎಂದಿದ್ದಳು.

ಹೈದರಾಬಾದಿನಿಂದ ಬೆಳಗಿನ ವಿಮಾನ. ಇಬ್ಬರಿಗೂ ಮೊದಲ ಸಲ. ವಾಂತಿಯಾಗದಿರಲೆಂದು ಗುಳಿಗೆ ನುಂಗಿದ ಅಕ್ಕ ನನ್ನ ಭುಜಕ್ಕೆ ಒರಗಿ ಮಲಗಿಬಿಟ್ಟಳು. ನಾನು ಎರಡು ಬಿಳಿ ಬಟ್ಟೆಯಲ್ಲಿ ಚಳಿಗೆ ಮುದುಡಿ ಕೂತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಮೀಕಾತ್ ಬರುತ್ತದೆ, ಯಾತ್ರೆಯ ಸಂಕಲ್ಪಕ್ಕೆ, ನಿಯ್ಯತ್ತಿಗೆ, ತಯಾರಾಗಿರಿ ಎಂದು ವಿಮಾನದವರು ಹೇಳಿದರು. ಇಹ್ರಾಮಿಲ್ಲದೆ ಆ ಗಡಿ ದಾಟುವಂತಿಲ್ಲ. ಆಗ ಅಕ್ಕನ ಮುಂಗೈ ಕಣ್ಣಿಗೆ ಬಿತ್ತು. ಒಂದಲ್ಲ ಎರಡಲ್ಲ, ನಲವತ್ತಮೂರು ಗಂಟು. ಇಷ್ಟು ದೂರ ಬಂದು ಇವಳ ಉಮ್ರಾ ಕೆಡಬೇಕೇ? ಎರಡು ಸಲ ಕರೆದೆ. ಏಳಲಿಲ್ಲ. ಹೆಸರೆಲ್ಲ ಅವಳ ತಲೆಯಲ್ಲಿರುತ್ತವೆ, ದಾರ ಬರೀ ನೆಪಕ್ಕೆ ಎಂದುಕೊಂಡು, ಸುತ್ತು ಸಡಿಲಿಸಿ ಒಂದೊಂದೇ ತುದಿ ಹಿಡಿದು ಎಳೆದೆ. ಪಿಂಜಾರನ ಮಗನಿಗೆ ಅದೇನು ದೊಡ್ಡ ಕೆಲಸ? ಬರೀ ದಾರವನ್ನು ಮತ್ತೆ ಮುಂಗೈಗೆ ಸುತ್ತಿ ಬುರ್ಖಾದ ತೋಳು ಇಳಿಸಿದೆ. ಆಮೇಲೆ ಅಲುಗಾಡಿಸಿ ಎಬ್ಬಿಸಿದೆ. ಅವಳು ನಿದ್ದೆಗಣ್ಣಿನಲ್ಲೇ ನಿಯ್ಯತ್ತು ಮಾಡಿದಳು. ಅಕ್ಕನ ಯಾತ್ರೆಯನ್ನು ನಾನೇ ಉಳಿಸಿದೆ ಎಂಬ ಹೆಮ್ಮೆ ನನಗೆ.

ಜೆಡ್ಡಾದಲ್ಲಿ ಇಳಿದಾಗ ಅಲ್ಲಿ ಇನ್ನೂ ಬೆಳಗಿನ ಹೊತ್ತು. ಪಾಸ್‌ಪೋರ್ಟಿನ ಸಾಲಿನಲ್ಲಿ ದಢೂತಿಯೊಬ್ಬ ನಮ್ಮನ್ನು ದೂಡಿ ಮುಂದೆ ನಿಂತ. ನಾನು ತುಟಿ ಕಚ್ಚಿಕೊಂಡೆ. ಅಕ್ಕ ಮುಸಿಮುಸಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಕೊನೆ.

ಮಕ್ಕಾಕ್ಕೆ ಹೋಗುವ ಬಸ್ಸಿನಲ್ಲಿ ಕೂತು, ಮೊದಲ ಮನೆಯಿಂದ ನೆನಪು ಮಾಡಿಕೊಳ್ಳೋಣವೆಂದು ತೋಳು ಸರಿಸಿದಳು. ಕಿಟಕಿಯ ಆಚೆ ಒಂದು ಹಸಿರು ಕಡ್ಡಿಯೂ ಇಲ್ಲದ ಕಲ್ಲುಗುಡ್ಡ. ಅವಳ ಬೆರಳು ದಾರದ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡಿದವು.

"ದಾದಾ, ಇದನ್ಯಾರು ಬಿಚ್ಯಾರ?"

"ನಾನಽ ಬಿಚ್ಚೀನಿ. ಗಂಟು ನಡೆಯಂಗಿಲ್ಲ ಅಂತ ಮಾಸ್ತರ ಹೇಳಿದ್ದಿಲ್ಲೇನು?"

ಮುಂದಿನ ಸೀಟಿನ ಜಮೀಲಾಬೀ ತಿರುಗಿದಳು. ಸಿಂಧನೂರಿನಿಂದ ನಮ್ಮ ಜೊತೆಗೇ ಬಂದವಳು. "ಅದು ಗಂಡಸರು ಉಡೋ ಬಟ್ಟಿಗೆ ಹೇಳಿದ್ದು ಅಣ್ಣಾ. ಹೆಂಗಸರಿಗೆ ಹೊಲಿಗೀನೂ ನಡೀತೈತಿ, ಗಂಟೂ ನಡೀತೈತಿ. ಮಾಸ್ತರ ಎರಡು ಸಲ ಹೇಳಿದ್ರು. ನೀವು ಅವಾಗ ಹೊರಗ ಆಟೋದವನ ಕೂಡ ಗುದ್ದಾಡಾಕತ್ತಿದ್ರಿ."

ಗುದ್ದಾಡಿದ್ದು ನಿಜ. ಅವನು ಆಟೋವನ್ನು ನನ್ನ ಬೈಕಿಗೆ ಅಡ್ಡ ನಿಲ್ಲಿಸಿದ್ದ. ನಾನು ಒಳಗೆ ಬರುವಷ್ಟರಲ್ಲಿ ಮಾತಿನ ಬಾಲವಷ್ಟೇ ಕಿವಿಗೆ ಬಿದ್ದಿತ್ತು. ಆದರೂ ಮಾಸ್ತರ ಮೂರನೇ ಸಲ ಹೇಳಬಹುದಿತ್ತು.

ಅಕ್ಕ ನನ್ನ ಕಡೆ ತಿರುಗಿದಳು. "ನಿನ್ನ ನಸೀಬು ಛಲೋ ಐತಿ," ಎಂದಳು. "ನಾ ಇಹ್ರಾಮಿನಾಗ ಅದೀನಿ."

ಹೋಟೆಲಿನಲ್ಲಿ ಊಟ ಬೇಡವೆಂದು ದಾರ ಹಿಡಿದು ಕೂತಳು. ಎಳೆದ ಗಂಟಿನ ಜಾಗದಲ್ಲಿ ಸಣ್ಣ ಸುಕ್ಕು ಉಳಿದಿರುತ್ತದೆ, ಒಂಟಿಯೋ ಜೋಡಿಯೋ ತಿಳಿಯುವುದಿಲ್ಲ. ಕಣ್ಣು ಮುಚ್ಚಿ, ಸುಕ್ಕು ಹಿಡಿದು, ನಡೆದ ದಾರಿಯನ್ನೇ ಮತ್ತೆ ನಡೆದಳು. ಸಂತೆಕಲ್ಲೂರಿನ ಕರೆಮ್ಮ, ಸೊಸೆಯ ಹೆರಿಗೆ. ಅವಳ ಬಾಜೂ ಮನೆಯ ಮುದುಕಪ್ಪ, ತೀರಿಕೊಂಡ ಹೆಂಡತಿ. ಹಟ್ಟಿಯ ಬೀರಲಿಂಗ, ಎದೆಯಲ್ಲಿ ಕೂತ ಗಣಿಯ ಧೂಳು. ಸಿಕ್ಕಿದ್ದಕ್ಕೆಲ್ಲ ಮತ್ತೆ ಗಂಟು ಹಾಕುತ್ತ ಹೋದಳು. ಅವಳು ತಡವರಿಸಿದಲ್ಲಿ ನಾನು, ಗಾದಿ ಮುಟ್ಟಿಸಿ ಗೊತ್ತಿದ್ದ ಮನೆಯ ಗುರುತು ಹೇಳುತ್ತಿದ್ದೆ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ನಲವತ್ತೊಂದು ಸಿಕ್ಕವು. ಕೊನೆಯ ಎರಡು ಸುಕ್ಕು ಉಳಿದವು.

ಆ ಎರಡು ಲಿಂಗಸುಗೂರು–ಮಸ್ಕಿ ಬಸ್ಸಿನಲ್ಲಿ ಹಾಕಿದ್ದು. ಅಕ್ಕ ಮಕ್ಕಾಕ್ಕೆ ಹೋಗುತ್ತಾಳೆಂದು ಮಾತಿಗೆ ಮಾತು ಬಂದು ಗೊತ್ತಾಗಿ, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಇಬ್ಬರು ಹೆಂಗಸರು ಬಗ್ಗಿ ತಮ್ಮ ತಮ್ಮ ಮಗನ ಹೆಸರು ಹೇಳಿದ್ದರು. ಮೊದಲು ಹೇಳಿದವಳ ಮಗ ಸುನೀಲ, ಆಮೇಲಿನವಳ ಮಗ ವೀರೇಶ. ಒಬ್ಬ ಆಸ್ಪತ್ರೆಯಲ್ಲಿದ್ದಾನೆ, ಬದುಕಬೇಕು. ಇನ್ನೊಬ್ಬ ಆಗಲೇ ತೀರಿಕೊಂಡಿದ್ದಾನೆ. ಗದ್ದಲದ ಬಸ್ಸು. ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಅಕ್ಕ ದಾರವನ್ನೇ ನಂಬಿದ್ದಳು. ಒಂದು ಒಂಟಿ ಗಂಟು, ಒಂದು ಜೋಡಿ. ಯಾವುದು ಯಾರದೆಂದು ದಾರಕ್ಕೆ ಮಾತ್ರ ಗೊತ್ತಿತ್ತು.

ಸಂಜೆ ಕಾಬಾದ ಸುತ್ತ ತವಾಫ್ ಮಾಡಿದೆವು. ಮಂಡಿ ಹಿಡಿದುಕೊಂಡು ಏಳೂ ಸುತ್ತು ನಡೆದಳು, ಗಾಲಿಕುರ್ಚಿ ಬೇಡವೆಂದಳು. ಒಂದೊಂದು ಹೆಸರು ಹೇಳುವುದು, ಒಂದೊಂದು ಗಂಟು ಎಳೆಯುವುದು. ನಲವತ್ತೊಂದು ಮುಗಿದಾಗ ದಾರ ಹಿಡಿದು ನಿಂತುಬಿಟ್ಟಳು. ನಾನು ಮೆಲ್ಲಗೆ ಅಂದೆ, "ಎರಡೂ ಹೆಸರು ಹೇಳಿಬಿಡಬೇ. ಯಾಂವ ಅದಾನ, ಯಾಂವ ಇಲ್ಲ ಅನ್ನೂದು ಮ್ಯಾಲಿನವಗ ಗೊತ್ತಿಲ್ಲೇನು?"

"ಅವಗ ಗೊತ್ತೈತಿ," ಎಂದಳು. "ಮಾತು ಕೊಟ್ಟಾಕಿ ನಾನು. ಇದ್ದ ಮಗನ್ನ ಸತ್ತವರಾಗ ಕೂಡಿಸಿ ಬೇಡಿದ್ರ ಆ ತಾಯಿಗೆ ಏನಂತ ಮುಖ ತೋರಿಸಲಿ?"

ಆಮೇಲೆ ದಾರ ನನ್ನ ಕೈಗಿಟ್ಟಳು. "ಬಿಚ್ಚಿದಾಂವ ನೀನು. ಆ ತಾಯಂದಿರನ್ನ ಹುಡುಕಿ ಕೇಳು. ಕೇಳಿ, ಅವರ ಮಾತು ನೀನಽ ಅವಗ ಹೇಳು."

ಊರಿಗೆ ಬಂದು ಎರಡು ವರ್ಷವಾಯಿತು. ಆ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಅಕ್ಕನನ್ನೂ ಕರೆದುಕೊಂಡು ಹೋಗಿ ಮುಖ ತೋರಿಸಿದ್ದೇನೆ. ಲಿಂಗಸುಗೂರಿನ ಆಸ್ಪತ್ರೆಗಳಲ್ಲಿ ಎರಡೂ ಹೆಸರು ವಿಚಾರಿಸಿದರೆ, ಯಾವ ಊರು, ತಂದೆಯ ಹೆಸರೇನು ಎಂದು ನನ್ನನ್ನೇ ಕೇಳುತ್ತಾರೆ. ಮೊದಲಾಗಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಸುಮ್ಮನೆ ಹೊರಗೆ ಬರುತ್ತೇನೆ. ಆ ತಾಯಂದಿರು ನಮ್ಮನ್ನು ಹುಡುಕಿಕೊಂಡು ಬಂದಿಲ್ಲ, ಬರುವುದೂ ಇಲ್ಲ. ಅವರ ಪಾಲಿಗೆ ಆ ಮಾತು ಎಂದೋ ಅಲ್ಲಿ ಮುಟ್ಟಿಯಾಗಿದೆ. ಇನ್ನೂ ಮುಟ್ಟಿಲ್ಲ.